ಒಂದು ಗೇಣು ಮಣ್ಣು: ಬೇದಿನಿ ಬುಗ್ಯಾಲಿನ ಪ್ರಕರಣ

2016ರ ಜೂನ್‌ನಲ್ಲಿ ನಾನು ಬೇದಿನಿ ಬುಗ್ಯಾಲ್ ಎಂಬ ಹುಲ್ಲುಗಾವಲಿನಲ್ಲಿ ಎರಡು ರಾತ್ರಿ ಮಲಗಿದ್ದೆ. ಉತ್ತರಾಖಂಡದ ಚಮೋಲಿ ಜಿಲ್ಲೆ, ಸುಮಾರು 3,350 ಮೀಟರ್ ಎತ್ತರ. ಎದುರಿಗೆ ತ್ರಿಶೂಲ ಮತ್ತು ನಂದಾಘುಂಟಿ ಶಿಖರಗಳು. ಕಾಲ ಕೆಳಗೆ ಹುಲ್ಲು, ಹುಲ್ಲು, ಬರೀ ಹುಲ್ಲು. ಒಂದೇ ಒಂದು ಮರ ಇಲ್ಲ.

ಎರಡನೇ ದಿನ ಬೆಳಿಗ್ಗೆ ಕ್ಯಾಂಪಿನ ಹುಡುಗರು ಊಟದ ಟೆಂಟನ್ನು ಕಿತ್ತು ನಾಲ್ಕು ಮಾರು ಆಚೆಗೆ ಹಾಕಿದರು. ಸೀಸನ್ ಶುರುವಾದಾಗಿನಿಂದ ಅದು ಒಂದೇ ಕಡೆ ನಿಂತಿತ್ತಂತೆ. ಟೆಂಟು ಎದ್ದ ಜಾಗ ನೋಡಿ ನನಗೆ ಗಾಬರಿಯಾಯಿತು. ಸುತ್ತ ಎಳೆ ಹಸಿರು, ನಡುವೆ ಕಂದು ಬಣ್ಣದ ಒಂದು ಚೌಕ. ಅಂಚಿನಲ್ಲಿ ಮಳೆ ನೀರು ಒಳಗೆ ಬರದಿರಲಿ ಅಂತ ತೋಡಿದ್ದ ಕಾಲುವೆ. "ಮುಂದಿನ ವರ್ಷಕ್ಕೆ ಇಲ್ಲಿ ಹುಲ್ಲು ಬರುತ್ತಾ?" ಅಂತ ಜೊತೆಗಿದ್ದ ವಾಣ್ ಊರಿನ ಹುಡುಗನನ್ನು ಕೇಳಿದೆ. ಅವನು ಮಾತಾಡದೆ ಸ್ವಲ್ಪ ದೂರಕ್ಕೆ ಕೈ ತೋರಿಸಿದ. ಅಲ್ಲೂ ಒಂದು ಚೌಕ. "ಅದು ಹೋದ ವರ್ಷದ್ದು ಸರ್" ಅಂದ. ಅದರ ಪಕ್ಕದ ಕಾಲುವೆ ಆಗಲೇ ಮೊಳಕಾಲುದ್ದದ ಕೊರಕಲಾಗಿತ್ತು.

ಎರಡು ವರ್ಷದ ನಂತರ ಅದೇ ಜಾಗದ ಬಗ್ಗೆ ಹೈಕೋರ್ಟಿನ ತೀರ್ಪು ಬಂತು. ಆ ತೀರ್ಪು ಯಾಕೆ ಬೇಕಾಯಿತು, ಬಂದ ಮೇಲೆ ಏನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಚೌಕದ ಮೇಲೆ ಕೂತು ಊಟ ಮಾಡಿದವರಲ್ಲಿ ನಾನೂ ಒಬ್ಬ.

ಮರ ಯಾಕೆ ಇಲ್ಲ

ಗಢವಾಲಿನ ಜನ ಮರಗಳ ಗಡಿ ದಾಟಿದ ಮೇಲೆ ಸಿಗುವ ಹುಲ್ಲುಗಾವಲನ್ನು ಬುಗ್ಯಾಲ್ ಅನ್ನುತ್ತಾರೆ. ವಾಣ್‌ನಿಂದ ಹತ್ತುವಾಗ ಮೊದಲು ಓಕ್ ಮತ್ತು ರೋಡೊಡೆಂಡ್ರಾನ್ ಕಾಡು ಸಿಗುತ್ತದೆ. ನೀಲಗಂಗಾ ಎಂಬ ಹೊಳೆ ದಾಟಿ, ಗೈರೋಲಿ ಪಾತಾಲ್ ಎಂಬ ಕಾಡಿನ ತಂಗುದಾಣ ದಾಟಿ ಏರುತ್ತಾ ಹೋದರೆ ಮರಗಳು ಕುಳ್ಳಾಗುತ್ತವೆ, ಬಾಗುತ್ತವೆ. ಆಮೇಲೆ ಯಾರೋ ಗೆರೆ ಎಳೆದ ಹಾಗೆ ನಿಂತೇ ಹೋಗುತ್ತವೆ. ಅಲ್ಲಿಂದಾಚೆ ಬೇದಿನಿ, ಅದಕ್ಕೆ ಅಂಟಿಕೊಂಡೇ ಆಲಿ.

ಗಾಳಿ ಜೋರು, ಹಿಮ ಜಾಸ್ತಿ, ಅದಕ್ಕೇ ಮರ ಬರಲ್ಲ ಅಂತ ನಾನು ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ಸರಿ. ಪ್ರಪಂಚದ ಬೇರೆ ಬೇರೆ ಬೆಟ್ಟಗಳನ್ನು ಅಳೆದು ನೋಡಿದವರು ಹೇಳುವುದು ಹೀಗೆ: ಗಿಡ ಬೆಳೆಯುವ ತಿಂಗಳುಗಳ ಸರಾಸರಿ ಉಷ್ಣತೆ ಸುಮಾರು 6 ಡಿಗ್ರಿಗಿಂತ ಕೆಳಗೆ ಹೋದರೆ ಮರ ನಿಲ್ಲುವುದಿಲ್ಲ. ಅಷ್ಟು ಚಳಿಯಲ್ಲೂ ಎಲೆ ಆಹಾರ ತಯಾರಿಸುತ್ತದೆ. ಆದರೆ ಹೊಸ ಕಟ್ಟಿಗೆ ಕಟ್ಟುವ ಕೆಲಸ ನಿಂತುಹೋಗುತ್ತದೆ. ಎತ್ತರಕ್ಕೆ ಬೆಳೆದ ಮರದ ತುದಿ ತಣ್ಣನೆ ಗಾಳಿಯಲ್ಲಿ ಇರುತ್ತದೆ. ನೆಲಕ್ಕೆ ಅಂಟಿದ ಗಿಡ ಹಾಗಲ್ಲ. ಬಿಸಿಲಿಗೆ ಮಣ್ಣು ಕಾಯುತ್ತದೆ, ಗಿಡ ಆ ಬೆಚ್ಚಗಿನ ಪದರದಲ್ಲೇ ಮುದುಡಿ ಕೂತಿರುತ್ತದೆ. ನಡು ಮಧ್ಯಾಹ್ನ ಬುಗ್ಯಾಲಿನಲ್ಲಿ ನಿಂತರೆ ಮುಖಕ್ಕೆ ಚಳಿ. ಅಲ್ಲೇ ಬೋರಲಾಗಿ ಮಲಗಿದರೆ ಹಿತವಾದ ಬಿಸಿ. ಆ ಬಿಸಿಯಲ್ಲೇ ಅಲ್ಲಿನ ಗಿಡಗಳು ಬದುಕುತ್ತವೆ.

ಅಲ್ಲಿ ಗಿಡಗಳಿಗೆ ವರ್ಷದಲ್ಲಿ ಸಿಗುವುದು ನಾಲ್ಕೈದು ತಿಂಗಳು. ಮೇ ಹೊತ್ತಿಗೆ ಹಿಮ ಕರಗುತ್ತದೆ, ಅಕ್ಟೋಬರ್ ಹೊತ್ತಿಗೆ ಎಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಚಿಗುರಬೇಕು, ಹೂ ಬಿಡಬೇಕು, ಬೀಜ ಕಟ್ಟಬೇಕು. ಹಾಗಾಗಿ ಎಷ್ಟೋ ಗಿಡಗಳು ಮುಂದಿನ ವರ್ಷದ ಮೊಗ್ಗನ್ನು ಈ ವರ್ಷವೇ ತಯಾರು ಮಾಡಿ ನೆಲಮಟ್ಟದಲ್ಲಿ ಬಚ್ಚಿಟ್ಟುಕೊಳ್ಳುತ್ತವೆ. ಈ ಜೂನ್‌ನಲ್ಲಿ ತುಳಿದರೆ ಬರುವ ಜೂನ್‌ನ ಹೂವೂ ಹೋಗುತ್ತದೆ ಅಂತ ಅರ್ಥ. ಬೀಜದಿಂದ ಹೊಸ ಸಸಿ ಬರುವುದು ಅಪರೂಪ. ಹೆಚ್ಚಿನವು ಬೇರಿನಿಂದಲೇ ಹರಡಿಕೊಂಡು, ಹತ್ತಾರು ವರ್ಷ ಬದುಕುವಂಥವು.

ಮೇಲೆ ಕಾಣುವ ಹುಲ್ಲು ನಾಲ್ಕು ಬೆರಳು ಎತ್ತರ. ಕೆಳಗಿನ ಬೇರು ಅದರ ಎಷ್ಟೋ ಪಟ್ಟು. ಆ ಬೇರಿನಲ್ಲಿ ಹೆಚ್ಚಿನದು ಮೇಲಿನ ಒಂದು ಗೇಣು ಮಣ್ಣಿನಲ್ಲೇ ಇರುತ್ತದೆ. ಹುಲ್ಲು, ಜೇಕಿನ ಜಾತಿಯ ಗಿಡ, ಪಾಚಿ ಎಲ್ಲ ಹೆಣೆದುಕೊಂಡು ದಪ್ಪ ಕಂಬಳಿಯಂಥ ಒಂದು ಪದರ ಆಗಿರುತ್ತದೆ. ಇಡೀ ಬೆಟ್ಟದ ಮಣ್ಣನ್ನು ಹಿಡಿದಿರುವುದು ಆ ಕಂಬಳಿ. ಹಿಮ ಕರಗಿದ ನೀರನ್ನು ಹೀರಿ, ನಿಧಾನವಾಗಿ ಕೆಳಗಿನ ಒರತೆಗಳಿಗೆ ಬಿಡುವುದೂ ಅದೇ. ಚಳಿಯಲ್ಲಿ ಮಣ್ಣು ಆಗುವುದು ತುಂಬಾ ನಿಧಾನ. ನಮ್ಮಲ್ಲಿ ಕೊಟ್ಟಿಗೆ ಗೊಬ್ಬರ ಒಂದು ಮಳೆಗಾಲಕ್ಕೆ ಕಳಿತುಹೋಗುತ್ತೆ ಅಲ್ವಾ? ಅಲ್ಲಿ ಒಂದು ಎಲೆ ಕಳಿಯಲಿಕ್ಕೂ ವರ್ಷಗಳು ಬೇಕು. ಒಂದು ಗೇಣು ಮಣ್ಣು ಅಂದರೆ ನೂರಾರು, ಕೆಲವು ಕಡೆ ಸಾವಿರಾರು ವರ್ಷದ ಸಂಪಾದನೆ.

ಕಂಬಳಿ ಹರಿಯುವ ಬಗೆ

ಈ ಪ್ರಕರಣದಲ್ಲಿ ಸರಿಯಾಗಿ ಅರ್ಥ ಆಗಬೇಕಾದ್ದು ಇದು.

ಮನುಷ್ಯ ನಡೆದರೆ ಹುಲ್ಲು ಮಲಗುತ್ತದೆ, ಮತ್ತೆ ಏಳುತ್ತದೆ. ಒಂದೇ ದಾರಿಯಲ್ಲಿ ನೂರು ಜನ ನಡೆದರೆ ಅಲ್ಲೊಂದು ಕಾಲುದಾರಿ ಆಗುತ್ತದೆ, ಅಷ್ಟೇ. ಮಳೆ ಬಿದ್ದಾಗ ತೊಂದರೆ ಶುರುವಾಗುತ್ತದೆ. ದಾರಿ ಕೆಸರಾಗುತ್ತದೆ. ಬೂಟು ಒದ್ದೆಯಾಗುತ್ತೆ ಅಂತ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅದೂ ಕೆಸರಾದಾಗ ಇನ್ನೂ ಪಕ್ಕಕ್ಕೆ. ಹೀಗೆ ಒಂದು ದಾರಿ ನಾಲ್ಕಾಗುತ್ತದೆ, ಎಂಟಾಗುತ್ತದೆ. ದೂರದಿಂದ ನೋಡಿದರೆ ಬೆಟ್ಟಕ್ಕೆ ಬಾಚಣಿಗೆ ಎಳೆದ ಹಾಗೆ ಕಾಣುತ್ತದೆ.

ಹೇಸರಗತ್ತೆಯ ಕಥೆ ಬೇರೆ. ಅದು ಟೆಂಟು, ಗ್ಯಾಸ್ ಸಿಲಿಂಡರು, ಅಕ್ಕಿ ಬೇಳೆ ಹೊತ್ತಿರುತ್ತದೆ. ಅಷ್ಟು ಭಾರವೆಲ್ಲ ಅಂಗೈ ಅಗಲದ ಗೊರಸಿನ ಮೇಲೆ ಬೀಳುತ್ತದೆ. ಒದ್ದೆ ಮಣ್ಣಿನಲ್ಲಿ ಆ ಗೊರಸು ಕಂಬಳಿಯನ್ನು ತೂತು ಮಾಡಿಬಿಡುತ್ತದೆ. ಒಂದು ತಂಡದ ಜೊತೆ ಇಂಥ ಹತ್ತು ಪ್ರಾಣಿಗಳು ಇದ್ದರೆ ಲೆಕ್ಕ ಹಾಕಿ ನೋಡಿ. ಸಂಜೆ ಅವನ್ನು ಮೇಯಲು ಬಿಡುತ್ತಾರೆ. ಪಾಪ, ಅವೂ ಹಸಿದಿರುತ್ತವೆ.

ಒಮ್ಮೆ ತೂತಾದ ಮೇಲೆ ಉಳಿದ ಕೆಲಸವನ್ನು ಚಳಿಯೇ ಮಾಡುತ್ತದೆ. ಬರಿ ಮಣ್ಣಿನಲ್ಲಿರುವ ನೀರು ರಾತ್ರಿ ಹೆಪ್ಪುಗಟ್ಟಿ ಸೂಜಿಯಂಥ ಹಿಮದ ಕಡ್ಡಿಗಳಾಗಿ ಮೇಲೇಳುತ್ತದೆ. ಏಳುವಾಗ ಮಣ್ಣಿನ ಕಣಗಳನ್ನೂ, ಅಲ್ಲಿ ಮೊಳೆತ ಚಿಕ್ಕ ಸಸಿಗಳನ್ನೂ ಎತ್ತಿಬಿಡುತ್ತದೆ. ಬೆಳಿಗ್ಗೆ ಬಿಸಿಲಿಗೆ ಕರಗಿದಾಗ ಎಲ್ಲ ಪುಡಿಪುಡಿಯಾಗಿ ಬೀಳುತ್ತದೆ. ಗಾಳಿ ಒಂದಷ್ಟು ಒಯ್ಯುತ್ತದೆ, ಮಳೆ ಒಂದಷ್ಟು. ಅಂಚಿನ ಹುಲ್ಲಿನ ಕೆಳಗೆ ಮಣ್ಣು ಖಾಲಿಯಾಗಿ, ಅಂಚು ಜೋತು, ಒಂದು ದಿನ ಹೆಂಟೆಯಾಗಿ ಮುರಿದು ಬೀಳುತ್ತದೆ. ಗಾಯ ಮಾಯುವುದಿರಲಿ, ಮತ್ತಷ್ಟು ಅಗಲ ಆಗುತ್ತದೆ. ಜನ ಬರುವುದು ನಿಂತ ಮೇಲೂ ಬೆಳೆಯುತ್ತಲೇ ಇರುತ್ತದೆ. ಟೆಂಟಿನ ಸುತ್ತ ಗುದ್ದಲಿಯಲ್ಲಿ ತೋಡಿದ ಆ ಚಿಕ್ಕ ಕಾಲುವೆ ಒಂದೇ ವರ್ಷಕ್ಕೆ ಕೊರಕಲಾದದ್ದು ಹೀಗೆ.

ಶೌಚದ ಗುಂಡಿಗಳದ್ದೂ ಇದೇ ಪಾಡು. ಕೊಳೆಯುವಷ್ಟು ಬಿಸಿ ಅಲ್ಲಿಲ್ಲ. ಮುಚ್ಚಿದ ಗುಂಡಿ ಎಷ್ಟೋ ಕಾಲ ಹಾಗೇ ಇರುತ್ತದೆ. ಕೆಳಗಿನ ಊರುಗಳ ಕುಡಿಯುವ ನೀರು ಬರುವುದು ಅದೇ ಇಳಿಜಾರಿನಿಂದ.

ಹಳೆಯ ಕಟ್ಟುಪಾಡು, ಹೊಸ ಭಾರ

ಹಾಗಾದರೆ ಮೊದಲು ಅಲ್ಲಿ ಜನ ಹೋಗುತ್ತಿರಲಿಲ್ವಾ? ಹೋಗುತ್ತಿದ್ದರು. ತಲೆತಲಾಂತರದಿಂದ ಕುರಿಗಾಹಿಗಳು ಬೇಸಿಗೆಗೆ ಮಂದೆ ಹೊಡೆದುಕೊಂಡು ಬುಗ್ಯಾಲಿಗೆ ಏರುತ್ತಾರೆ, ಚಳಿಗೆ ಮುಂಚೆ ಇಳಿಯುತ್ತಾರೆ. ಬೇದಿನಿಯಲ್ಲಿ ಒಂದು ಕುಂಡವಿದೆ, ಅದು ನಂದಾದೇವಿಗೆ ಸೇರಿದ್ದು. ನಂದೆ ಆ ಊರುಗಳ ಮಗಳು. ಅವಳನ್ನು ತವರಿನಿಂದ ಕೈಲಾಸಕ್ಕೆ, ಗಂಡನ ಮನೆಗೆ ಕಳಿಸಿಕೊಡುವ ಯಾತ್ರೆ ಪ್ರತಿ ವರ್ಷ ನಡೆಯುತ್ತದೆ. ನಮ್ಮಲ್ಲಿ ಗೌರಿಯನ್ನು ಕರೆತಂದು, ಮಡಿಲು ತುಂಬಿ ಕಳಿಸುತ್ತೇವಲ್ಲ, ಅದೇ ಭಾವ. ವರ್ಷದ ಯಾತ್ರೆ ಬೇದಿನಿ ಕುಂಡದಲ್ಲಿ ಮುಗಿಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಎಂಬ ಲೆಕ್ಕದ ದೊಡ್ಡ ರಾಜಜಾತ್ ಯಾತ್ರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಅದು 2000ದಲ್ಲಿ ಮತ್ತು 2014ರಲ್ಲಿ ನಡೆದಿದೆ. ನಾಲ್ಕು ಕೊಂಬಿನ ಟಗರು ಮುಂದೆ ನಡೆಯುತ್ತದೆ, ಜನ ಹಿಂದೆ.

ಜೊತೆಗೆ ಕಟ್ಟುಪಾಡುಗಳಿದ್ದವು. ಬುಗ್ಯಾಲಿನಲ್ಲಿ ಕೂಗಬಾರದು, ಢಾಳಾದ ಬಣ್ಣದ ಬಟ್ಟೆ ಹಾಕಬಾರದು, ಹಾಕಿದರೆ ಅಲ್ಲಿನ ಯಕ್ಷಿಣಿಯರು ಎತ್ತಿಕೊಂಡು ಹೋಗುತ್ತಾರೆ ಎಂಬ ನಂಬಿಕೆ. ನಂದಾಷ್ಟಮಿ ಬರುವ ತನಕ ಬ್ರಹ್ಮಕಮಲ ಕೀಳುವಂತಿಲ್ಲ. (ಇದು ನಮ್ಮ ಅಂಗಳದಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಅಲ್ಲ. ನಮ್ಮದು ಕಳ್ಳಿಯ ಜಾತಿ, ಹೊರದೇಶದಿಂದ ಬಂದದ್ದು. ಹಿಮಾಲಯದ್ದು ಸೂರ್ಯಕಾಂತಿಯ ಬಳಗಕ್ಕೆ ಸೇರಿದ್ದು.) ಅಷ್ಟಮಿ ಬರುವುದು ಭಾದ್ರಪದದಲ್ಲಿ. ಅಷ್ಟರಲ್ಲಿ ಬೇಗ ಅರಳಿದ ಹೂಗಳಿಗೆ ಬೀಜ ಕಟ್ಟಲು ಸಮಯ ಸಿಕ್ಕಿರುತ್ತದೆ. ಆ ನಿಯಮ ಮಾಡಿದವರಿಗೆ ಆ ಹೂವು ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಹೊಸ ಭಾರ ಎರಡು ಕಡೆಯಿಂದ ಬಂತು. ಒಂದು ಕೀಡಾಜಡಿ. ಮಣ್ಣಿನೊಳಗಿನ ಒಂದು ಬಗೆಯ ಹುಳದ ಮೇಲೆ ಬೆಳೆಯುವ ಶಿಲೀಂಧ್ರ ಇದು. ಚೀನಾದ ಔಷಧಿ ಪೇಟೆಯಲ್ಲಿ ಕಿಲೋಗೆ ಲಕ್ಷಗಟ್ಟಲೆ ಬೆಲೆ. ಹಿಮ ಕರಗಿದ ಕೂಡಲೇ, ಮೇ-ಜೂನ್‌ನಲ್ಲಿ, ಊರಿಗೆ ಊರೇ ಮೇಲೆ ಹೋಗಿ ವಾರಗಟ್ಟಲೆ ಬೀಡುಬಿಟ್ಟು ನೆಲ ಬಗೆಯುತ್ತದೆ. ಮಕ್ಕಳ ಫೀಸು, ಮನೆಯ ಸಾಲ ಎಲ್ಲ ಆ ದುಡ್ಡಿನಲ್ಲೇ ತೀರುತ್ತಿರುವಾಗ ಅವರನ್ನು ದೂರುವುದು ನನ್ನಿಂದಾಗದು.

ಇನ್ನೊಂದು ನಾವು. ಬೇದಿನಿಯಿಂದ ಮೇಲೆ, ಸುಮಾರು 5,000 ಮೀಟರ್ ಎತ್ತರದಲ್ಲಿ ರೂಪಕುಂಡವಿದೆ. 1942ರಲ್ಲಿ ಅಲ್ಲಿ ನೂರಾರು ಮನುಷ್ಯರ ಮೂಳೆ ಸಿಕ್ಕಿದ ಸುದ್ದಿ ಹೊರಬಂತು. 'ಅಸ್ಥಿಪಂಜರಗಳ ಸರೋವರ' ಅನ್ನುವ ಹೆಸರೇ ಸಾಕಿತ್ತು. ಟ್ರೆಕ್ಕಿಂಗ್ ಕಂಪನಿಗಳು ಬೆಳೆದವು, ಆನ್‌ಲೈನ್ ಬುಕಿಂಗ್ ಬಂತು, ಬೆಂಗಳೂರಿನಿಂದ ಹೋಗುವವರೂ ಕಡಿಮೆ ಇರಲಿಲ್ಲ. ನಮ್ಮ ತಂಡದಲ್ಲಿ ಕನ್ನಡ ಮಾತಾಡುವವರೇ ಆರು ಜನ ಇದ್ದೆವು. ರೂಪಕುಂಡಕ್ಕೆ ಹೋಗುವ ಪ್ರತಿ ತಂಡವೂ ಆಲಿ-ಬೇದಿನಿ ತುಳಿದೇ ಹೋಗಬೇಕು. ಕ್ಯಾಂಪು ಹಾಕಲು ನೀರಿರುವ, ಸಮತಟ್ಟಾದ ಜಾಗ ಅಲ್ಲಿ ಬೆರಳೆಣಿಕೆಯಷ್ಟು. ಹೀಗಾಗಿ ಎಲ್ಲರ ಭಾರವೂ ಅವೇ ನಾಲ್ಕಾರು ಕಡೆ ಬಿತ್ತು.

ಕೋರ್ಟು ಹೇಳಿದ್ದು

ದೂರು ಕೊಟ್ಟವರು ದಿಲ್ಲಿಯವರಲ್ಲ. ಆಲಿ-ಬೇದಿನಿ-ಬಗ್ಜಿ ಬುಗ್ಯಾಲ್ ಸಂರಕ್ಷಣಾ ಸಮಿತಿ ಎಂಬ ಸ್ಥಳೀಯ ಸಂಘ 2014ರಲ್ಲಿ ನೈನಿತಾಲಿನ ಉತ್ತರಾಖಂಡ ಹೈಕೋರ್ಟಿಗೆ ಹೋಯಿತು. 2018ರ ಆಗಸ್ಟ್ 21ರಂದು ಇಬ್ಬರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಬುಗ್ಯಾಲುಗಳಲ್ಲಿ ರಾತ್ರಿ ತಂಗುವಂತಿಲ್ಲ. ದಿನಕ್ಕೆ 200ಕ್ಕಿಂತ ಹೆಚ್ಚು ಪ್ರವಾಸಿಗರು ಹೋಗುವಂತಿಲ್ಲ. ಫೈಬರ್ ಗುಡಿಸಲುಗಳೂ ಸೇರಿ ಕಾಯಂ ಕಟ್ಟಡಗಳನ್ನು ತೆಗೆಯಬೇಕು. ವ್ಯಾಪಾರಕ್ಕಾಗಿ ಮೇಯಿಸುವುದು ನಿಲ್ಲಬೇಕು, ಸ್ಥಳೀಯ ಕುರಿಗಾಹಿಗಳಿಗೆ ಮಾತ್ರ ಅವಕಾಶ. ಇದು ಬೇದಿನಿಗೆ ಮಾತ್ರವಲ್ಲ, ರಾಜ್ಯದ ಎಲ್ಲ ಬುಗ್ಯಾಲುಗಳಿಗೂ ಅನ್ವಯ.

ಮರುದಿನವೇ ಗೊಂದಲ ಎದ್ದಿತು. ರೂಪಕುಂಡ ಒಂದೇ ದಿನದಲ್ಲಿ ಹೋಗಿ ಬರುವ ಜಾಗ ಅಲ್ಲ. ದಾರಿಯಲ್ಲಿ ಮರಗಳ ಗಡಿಯ ಮೇಲೆ ಎಲ್ಲಾದರೂ ಮಲಗಲೇಬೇಕು. ಹಾಗಾಗಿ ಆ ಟ್ರೆಕ್ಕು ನಿಂತಿತು. ಕಂಪನಿಗಳು ಬೇರೆ ದಾರಿ ಹುಡುಕಿಕೊಂಡವು. ಕೆಲವು ಹಿಮಾಚಲಕ್ಕೆ, ಕಾಶ್ಮೀರಕ್ಕೆ ಹೋದವು, ಕೆಲವು ಮರಗಳ ಗಡಿಯೊಳಗೆ ಕ್ಯಾಂಪು ಇಳಿಸಿದವು. ಅವರಿಗೆ ಜಾಗ ಬದಲಾಯಿತು ಅಷ್ಟೇ. ವಾಣ್, ಲೋಹಾಜಂಗ್, ದಿದನಾ ಊರುಗಳ ಹೇಸರಗತ್ತೆಯವರು, ಅಡುಗೆಯವರು, ಗೈಡುಗಳು ಎಲ್ಲಿಗೆ ಹೋಗಬೇಕು? ಬುಗ್ಯಾಲನ್ನು ಉಳಿಸಿ ಅಂದವರೂ ಆ ಕಡೆಯವರು, ಉಳಿಸುವ ಖರ್ಚು ಹೊತ್ತವರೂ ಆ ಕಡೆಯವರು. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ನೋವು ಕೊಡುವ ವಿಷಯ ಇದೇ.

ಅದರ ಜೊತೆಗೇ ಇನ್ನೊಂದನ್ನೂ ನೋಡಬೇಕು. ತೀರ್ಪು ಬಂದು ವರ್ಷ ತುಂಬುವ ಮೊದಲೇ, 2019ರ ಜೂನ್‌ನಲ್ಲಿ, ಅದೇ ಚಮೋಲಿ ಜಿಲ್ಲೆಯ ಔಲಿ ಎಂಬ ಎತ್ತರದ ಹುಲ್ಲುಗಾವಲಿನಲ್ಲಿ ಒಂದು ಉದ್ಯಮಿ ಕುಟುಂಬದ ಭಾರೀ ಮದುವೆಗಳು ನಡೆದವು. ಹೈಕೋರ್ಟು ಮೂರು ಕೋಟಿ ರೂಪಾಯಿ ಠೇವಣಿ ಇಡಿಸಿತು. ಮದುವೆ ಮುಗಿದ ಮೇಲೆ ಎತ್ತಿದ ಕಸವೇ ನೂರಾರು ಕ್ವಿಂಟಾಲ್. ವಾಣ್‌ನ ಹುಡುಗನಿಗೆ ಒಂದು ಟೆಂಟು ಹಾಕಲು ಅನುಮತಿ ಇಲ್ಲ, ಅಲ್ಲಿ ಇಷ್ಟಕ್ಕೆಲ್ಲ ಅನುಮತಿ ಸಿಕ್ಕಿತು. ಊರಿನವರಿಗೆ ಸಿಟ್ಟು ಬರದೇ ಇರುತ್ತಾ?

ನಿಷೇಧ ತಪ್ಪು ಅಂತ ನಾನು ಹೇಳುತ್ತಿಲ್ಲ. ರಾತ್ರಿ ತಂಗುವುದನ್ನು ನಿಲ್ಲಿಸಿದ್ದು ಸರಿ. ನಡೆದು ಹೋಗುವವನ ಭಾರ ಕಾಲುದಾರಿಯ ಮೇಲೆ ಬೀಳುತ್ತದೆ. ತಂಗುವವನ ಹಿಂದೆ ಟೆಂಟು, ಅಡುಗೆ, ಶೌಚ, ಹೇಸರಗತ್ತೆ ಎಲ್ಲವೂ ಬರುತ್ತವೆ. ಆದರೆ 200 ಎಂಬ ಒಂದೇ ಅಂಕಿ ಎಲ್ಲ ಬುಗ್ಯಾಲಿಗೂ, ಎಲ್ಲ ತಿಂಗಳಿಗೂ ಹೊಂದುವುದಿಲ್ಲ. ಅಕ್ಟೋಬರಿನ ಗಟ್ಟಿ ನೆಲದ ಮೇಲೆ 200 ಜನ ಒಂದೇ ಸಾಲಿನಲ್ಲಿ ನಡೆದರೆ ಹೆಚ್ಚೇನೂ ಆಗದು. ಜುಲೈ ಮಳೆಯಲ್ಲಿ 20 ಹೇಸರಗತ್ತೆ ಹೋದರೂ ಸಾಕು, ಕಂಬಳಿ ಹರಿಯುತ್ತದೆ. ಎಷ್ಟು ಜನ ಅನ್ನುವುದಕ್ಕಿಂತ ಯಾವ ಕಾಲ, ಯಾವ ಕಾಲು ಅನ್ನುವುದು ಮುಖ್ಯ. ಅದನ್ನು ದಿನದಿನವೂ ನೋಡಿ, ಇವತ್ತು ಬೇಡ, ನೆಲ ಒದ್ದೆ ಇದೆ ಅನ್ನಬಲ್ಲವರು ಆ ಊರಿನವರೇ. ಗೇಟಿನ ಅಧಿಕಾರವೂ ಶುಲ್ಕದ ದುಡ್ಡೂ ಅವರ ಕೈಗೆ ಬರಬೇಕು.

ಪೂರ್ತಿ ಬೇಲಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೂ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಅದೇ ಜಿಲ್ಲೆಯ ಹೂಗಳ ಕಣಿವೆ 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮೇಯಿಸುವುದು ನಿಂತಿತು. ನಂತರ ಪಾಲಿಗೋನಮ್ ಎಂಬ ಎತ್ತರದ ಗಿಡ ಹಬ್ಬಿ ಚಿಕ್ಕ ಹೂಗಿಡಗಳನ್ನು ಮುಚ್ಚತೊಡಗಿತು. ಈಗ ಅರಣ್ಯ ಇಲಾಖೆ ಅದನ್ನು ಕೀಳಿಸುತ್ತದೆ. ಮೇವು ನಿಂತದ್ದೇ ಕಾರಣವಾ ಅನ್ನುವುದರ ಬಗ್ಗೆ ತಿಳಿದವರಲ್ಲಿ ವಾದ ಇದೆ. ಕುರಿ ಅಂದರೆ ಶತ್ರು ಅನ್ನುವ ಲೆಕ್ಕ ಅಷ್ಟು ಸುಲಭ ಅಲ್ಲ ಅನ್ನುವುದಂತೂ ಅಲ್ಲಿ ಕಾಣುತ್ತದೆ.

ಇದಕ್ಕೆಲ್ಲ ಮೇಲೆ ಬಿಸಿ ಏರುತ್ತಿದೆ. ಕೆಳಗಿನ ಭೂರ್ಜ, ರೋಡೊಡೆಂಡ್ರಾನ್ ಮರಗಳು ಮೇಲಕ್ಕೆ ಹತ್ತಬಹುದು. ಬುಗ್ಯಾಲಿನ ಗಿಡಗಳು ಎಲ್ಲಿಗೆ ಹತ್ತಬೇಕು? ಅವುಗಳ ಮೇಲೆ ಇರುವುದು ಬಂಡೆ ಮತ್ತು ಕಲ್ಲುಪುಡಿ. ಅಲ್ಲಿ ಒಂದು ಗೇಣು ಮಣ್ಣು ಇನ್ನೂ ಹುಟ್ಟಿಲ್ಲ.

ನಮ್ಮ ಕುಮಾರ ಪರ್ವತದಲ್ಲೂ 2024ರ ಜನವರಿಯಲ್ಲಿ ರಜೆಗೆ ಜನ ಮುಗಿಬಿದ್ದರು. ಆಮೇಲೆ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮಾಡಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಪಶ್ಚಿಮ ಘಟ್ಟದ ಹುಲ್ಲುಬೆಟ್ಟಗಳೂ ಸೂಕ್ಷ್ಮವೇ. ಆದರೂ ಅಲ್ಲಿ ಮಳೆ ಇದೆ, ಬಿಸಿ ಇದೆ, ಹುಲ್ಲು ಬೇಗ ಚಿಗುರುತ್ತದೆ. ಬೇದಿನಿಗೆ ಆ ಭಾಗ್ಯ ಇಲ್ಲ.

ನಾರಿನ ಬಲೆ

ಗಾಯಕ್ಕೆ ಮದ್ದು ಇದೆಯಾ? ಉತ್ತರಕಾಶಿ ಜಿಲ್ಲೆಯ ದಯಾರಾ ಬುಗ್ಯಾಲಿನಲ್ಲಿ ಅರಣ್ಯ ಇಲಾಖೆ ಒಂದು ಕೆಲಸ ಮಾಡಿದೆ. ಕೊರಕಲುಗಳಿಗೆ ಅಡ್ಡಲಾಗಿ ತೆಂಗಿನ ನಾರಿನ ದಿಂಡುಗಳನ್ನು ಇಟ್ಟು, ಬಿದಿರಿನ ಗೂಟ ಹೊಡೆದು, ಇಳಿಜಾರಿನ ಮೇಲೆ ನಾರಿನ ಬಲೆ ಹಾಸಿದರು. ಕೆಳಗಿನ ಕಾಡಿನ ಪೈನ್ ಎಲೆಯನ್ನೂ ಬಳಸಿದರು. ನೀರಿನ ಓಟ ಕಡಿಮೆಯಾಗುತ್ತದೆ, ಮಣ್ಣು ಬಲೆಯಲ್ಲಿ ನಿಲ್ಲುತ್ತದೆ, ಹಿಮದ ಸೂಜಿಗೆ ಸಸಿ ಕಿತ್ತುಬರುವುದು ಕಡಿಮೆಯಾಗುತ್ತದೆ. ಕೆಲವು ವರ್ಷಕ್ಕೆ ನಾರು ಕರಗಿ ಮಣ್ಣಾಗುತ್ತದೆ, ಪ್ಲಾಸ್ಟಿಕ್ಕಿನ ಹಾಗೆ ಉಳಿಯುವುದಿಲ್ಲ. ನಮ್ಮ ಕಡೆ ತೆಂಗಿನ ತೋಟದ ಮೂಲೆಯಲ್ಲಿ ರಾಶಿ ಬೀಳುವ ವಸ್ತು ಹಿಮಾಲಯದ ಗಾಯಕ್ಕೆ ಪಟ್ಟಿಯಾಗಿದೆ ಅಂತ ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು. ಎತ್ತರಕ್ಕೆ ಸಾಗಿಸುವ ಖರ್ಚು ಜಾಸ್ತಿ, ಕೆಲಸ ನಿಧಾನ. ಆದರೂ ಕೈಗೆಟಕುವ ಮದ್ದು.

2023ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ವಾಣ್‌ಗೆ ಹೋದೆ. ಬೆಳಗಿನ ಜಾವ ಹೊರಟು ಹತ್ತೂವರೆಗೆ ಬೇದಿನಿ ಮುಟ್ಟಿದೆವು. ಒಂದು ಟೆಂಟೂ ಇರಲಿಲ್ಲ. ದೂರದಲ್ಲಿ ಕುರಿಗಳ ಒಂದು ಮಂದೆ, ಕುಂಡದ ಹತ್ತಿರ ನಾಲ್ಕೈದು ಜನ. ಹಳೆಯ ಫೋಟೋ ಹಿಡಿದು, ತ್ರಿಶೂಲದ ನೇರ ನೋಡಿಕೊಂಡು ಆ ಚೌಕ ಹುಡುಕಿದೆ. ಸಿಕ್ಕಿತು. ಕಂದು ಬಣ್ಣ ಹೋಗಿತ್ತು, ಹಸಿರು ತುಂಬಿತ್ತು. ಆದರೆ ಅದು ಸುತ್ತಲಿನ ಹುಲ್ಲಲ್ಲ. ಅಗಲ ಎಲೆಯ ರೂಮೆಕ್ಸ್ ಗಿಡ. ಮಂದೆ ತಂಗಿದ, ಎಂಜಲು ಚೆಲ್ಲಿದ ಜಾಗದಲ್ಲಿ ದಟ್ಟವಾಗಿ ಬರುವಂಥದ್ದು. ಕುರಿಯೂ ಅದನ್ನು ಇಷ್ಟಪಟ್ಟು ತಿನ್ನುವುದಿಲ್ಲ. ಅಂಚಿನಲ್ಲಿ ಮಾತ್ರ ಹಳೆಯ ಹುಲ್ಲು ಒಂದು ಬೆರಳಷ್ಟು ಒಳಗೆ ಬಂದಿತ್ತು. ಕಾಲುವೆಯಿದ್ದ ಕಡೆ ಕೊರಕಲು ಹಾಗೇ ಇತ್ತು, ಈಗ ನನ್ನ ಸೊಂಟದಷ್ಟು ಆಳ.

ಮಧ್ಯಾಹ್ನ ಒಂದು ಗಂಟೆಗೆ ಗೈಡು ಎದ್ದ. ಕತ್ತಲಾಗುವ ಮುಂಚೆ ಕಾಡು ದಾಟಬೇಕಿತ್ತು. ರಾತ್ರಿ ಮಳೆ ಬಿದ್ದು ದಾರಿ ಕೆಸರಾಗಿತ್ತು. "ಕೆಸರಲ್ಲೇ ನಡೀರಿ ಸರ್, ಪಕ್ಕಕ್ಕೆ ಹೋಗಬೇಡಿ" ಅಂದ. ಅವನ ಹೆಜ್ಜೆ ಮೇಲೆ ಹೆಜ್ಜೆ ಇಟ್ಟುಕೊಂಡು ಇಳಿದೆವು.